ಟಾರು ರಸ್ತೆಯ ಕಣ

ಮುನಿಯಲ್ಲಮ್ಮನದು ಮುಳಬಾಗಿಲು ರಸ್ತೆಯ ಪಕ್ಕದ ಊರು. ಅವಳ ಬಾಯಿಗೆ ಹೆದರದವರು ಆ ಊರಲ್ಲಿ ಇರಲಿಲ್ಲ. ಆ ಬಾಯಿ ಹುಟ್ಟಿನಿಂದ ಬಂದದ್ದಲ್ಲ, ಆ ರಸ್ತೆ ಕೊಟ್ಟದ್ದು.

ಸುಗ್ಗಿ ಬಂದರೆ ಊರವರು ಕಣ ಸಾರಿಸುವುದನ್ನೇ ಬಿಟ್ಟಿದ್ದರು. ಕಿತ್ತು ತಂದ ಹುರುಳಿ ಗಿಡವನ್ನು ಹೆದ್ದಾರಿಗೆ ಹರಡಿದರೆ ಆಯಿತು, ಲಾರಿ ಬಸ್ಸುಗಳೇ ತುಳಿದು ಕಾಳು ಉದುರಿಸುತ್ತಿದ್ದವು. ಗಿಡ ತಿರುವಿ ಹಾಕಲು ಒಬ್ಬರು ಕವೆಗೋಲು ಹಿಡಿದು ರಸ್ತೆ ನಡುವೆ ನಿಲ್ಲಬೇಕು. ಹಾಗೆ ನಿಂತಿದ್ದ ಅವಳ ಗಂಡ ಗಂಗುಲಪ್ಪನಿಗೆ ಒಂದು ಲಾರಿ ಹೊಡೆದು, ನಿಲ್ಲದೆ ಹೋಯಿತು. ಊರವರು ಹಣೆಬರಹ ಎಂದರು. ರಕ್ತ ತಾಗಿದ ಗಿಡವನ್ನಷ್ಟೇ ಬೇರೆ ಮಾಡಿ, ಉಳಿದದ್ದನ್ನು ಮತ್ತೆ ಅಲ್ಲೇ ಹರಡಿದರು!

ಎಪ್ಪತ್ತೊಂಬತ್ತನೇ ಇಸವಿಯ ಸುಗ್ಗಿ. ಮುನಿಯಲ್ಲಮ್ಮ ಸಂತೆಯಿಂದ ಬರುತ್ತಾಳೆ, ನೋಡಿದರೆ ರಸ್ತೆ ನಡುವೆ ಕವೆಗೋಲು ಹಿಡಿದು ನಿಂತಿದ್ದಾಳೆ ತುಂಬು ಬಸುರಿ ಸೊಸೆ ಆಂಜಿನಮ್ಮ! ನಿಲ್ಲಿಸಿದವನು ಮುನಿಯಲ್ಲಮ್ಮನ ಮೈದುನ, ಗಂಗುಲಪ್ಪನ ತಮ್ಮ ಕೋದಂಡರಾಮಪ್ಪ. ಅವನು ಮಾತ್ರ ಹುಣಸೆಮರದ ನೆರಳಲ್ಲಿ ಬೀಡಿ ಸೇದುತ್ತಿದ್ದ.

ಅಷ್ಟರಲ್ಲಿ ಒಂದು ಲಾರಿ ಹಾರನ್ ಒತ್ತುತ್ತಲೇ ನುಗ್ಗಿ ಬಂತು. ಮುನಿಯಲ್ಲಮ್ಮ ಓಡಿ ಸೊಸೆಯ ರಟ್ಟೆ ಹಿಡಿದು ಎಳೆದಳು. ಗಿಡದ ಮೇಲೆ ಚಕ್ರ ಜಾರಿ, ಲಾರಿ ಅಡ್ಡ ತಿರುಗಿ ನಿಂತಿತು.

"ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?" ಡ್ರೈವರ್ ಕೂಗಿದ.

"ಜನ ಕಂಡ್ರೂ ಹಾರನ್ ಒತ್ತುತೀಯಲ್ಲೋ! ಹಾರನ್ನಿಗೆ ಗಾಡಿ ನಿಲ್ತದಾ? ಬ್ರೇಕು ಯಾಕೆ ಇಟ್ಟವ್ರೆ, ಪೂಜೆ ಮಾಡೋಕಾ?"

ಅವನು ಗೊಣಗುತ್ತ ಹೋದ. ಅವಳು ಮೈದುನನ ಕಡೆ ತಿರುಗಿದಳು.

"ಎತ್ತು ಕಟ್ಟಿ ಕಣದಲ್ಲಿ ಗುಂಡುಕಲ್ಲು ಉರುಳಿಸೋಕೆ ಏನ್ಲಾ ರೋಗ ನಿಂಗೆ?"

"ಎತ್ತು ಸೊರಗವೆ ಅತ್ತಿಗೆ. ಇಲ್ಲಿ ಏನೂ ಆಗಲ್ಲ, ಸುಮ್ಕಿರು."

"ಎತ್ತಿನ ಮೇಲಿರೋ ಕನಿಕರ ಬಸುರಿ ಹುಡುಗಿ ಮೇಲಿಲ್ವಾ? ಏನೂ ಆಗಲ್ಲ ತಾನೇ? ತಗೋ, ನೀನೇ ನಿಂತ್ಕೋ!"

ಕವೆಗೋಲನ್ನು ಅವನ ಕೈಗೆ ತುರುಕಿದಳು. ಜನ ಸೇರಿದ್ದರು, ನಿಲ್ಲದೆ ವಿಧಿಯಿಲ್ಲ. ಮೀಸೆ ತಿರುವಿಕೊಂಡೇ ನಿಂತ. ಆಂಧ್ರದ ಕಡೆಯಿಂದ ಬಸ್ಸೊಂದು ತಿರುವಿನಲ್ಲಿ ಕಂಡಿತೋ ಇಲ್ಲವೋ, ಕೋಲು ಬಿಸಾಡಿ ಚರಂಡಿಯ ಲಂಟಾನ ಪೊದೆಗೆ ಹಾರಿದ. ಜನ ಹೊಟ್ಟೆ ಹಿಡಿದು ನಕ್ಕರು.

ಮುನಿಯಲ್ಲಮ್ಮ ನಗಲಿಲ್ಲ. "ನಿಮ್ಮಣ್ಣಂಗೆ ಹಾರೋಕಾಗ್ಲಿಲ್ಲ ಕಣೋ," ಅಂದಳು.

ನಗು ನಿಂತುಹೋಯಿತು. ಕೋದಂಡರಾಮಪ್ಪ ಮುಳ್ಳು ಕೊಡವಿಕೊಂಡು ಎದ್ದು, ಟಾರಿನ ಮೇಲಿದ್ದ ಗಿಡವನ್ನೆಲ್ಲ ತಬ್ಬಿ ತಬ್ಬಿ ಹೊತ್ತು ಸಾಗಿಸಿದ. ಅವನು ಎತ್ತು ಬಿಚ್ಚಿಕೊಂಡು ಬರುವಷ್ಟರಲ್ಲಿ ಮುನಿಯಲ್ಲಮ್ಮ ಸೆರಗು ಸಿಕ್ಕಿಸಿ, ಹಳೆಯ ಕಣಕ್ಕೆ ಸಗಣಿ ಬಳಿಯುತ್ತಿದ್ದಳು.