ಮಂಜಿನಲ್ಲಿ ತಂದ ಔಷಧ

ನಾನು ಧಾರವಾಡದಲ್ಲಿ ಭೂಗೋಳದ ಮಾಸ್ತರ. ಹಿಮವನ್ನು ಕಣ್ಣಾರೆ ಕಂಡವನಲ್ಲ. ಆದರೂ ಅದು ಹೇಗೆ ಬೀಳುತ್ತದೆಂದು ನಾನು ವರ್ಣಿಸತೊಡಗಿದರೆ ಮುಂದಿನ ಸಾಲಿನ ಹುಡುಗರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಮಳೆ, ಆಲಿಕಲ್ಲು, ಇಬ್ಬನಿ, ಮಂಜು ಎಲ್ಲವೂ ನನಗೆ ಬಾಯಿಪಾಠ. ಇಂಥ ಪಂಡಿತನ ಮಾನ ಹೋದದ್ದು ಹೆಬ್ಬಳ್ಳಿಯ ಕಡಲೆ ಹೊಲದಲ್ಲಿ.

ಹೆಬ್ಬಳ್ಳಿ ನನ್ನ ಮಾವನವರ ಊರು. ಮದುವೆಯಾದ ಮೇಲಿನ ಮೊದಲ ಚಳಿಗಾಲವದು. ಮಾವನವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಭರವಸೆಯೂ ಇರಲಿಲ್ಲ. ಎತ್ತು ಕಟ್ಟಲು ಬಾರದವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಅವರಿಗೆ ಒಳಗೊಳಗೇ ಚಿಂತೆ. ಆ ಮನೆಯಲ್ಲಿ ಒಮ್ಮೆಯಾದರೂ ಕೆಲಸಕ್ಕೆ ಬರುವ ಮನುಷ್ಯ ಅನ್ನಿಸಿಕೊಳ್ಳಬೇಕೆಂದು ನಾನು ಹಪಹಪಿಸುತ್ತಿದ್ದೆ.

ಅವಕಾಶ ಬಂದದ್ದು ಅವರ ಹೊಟ್ಟೆನೋವಿನಿಂದ. ಅದಕ್ಕೆ ಅವರು ನಂಬಿದ ಔಷಧ ಒಂದೇ, ಕಡಲೆಯ ಹುಳಿ. ನಸುಕಿನಲ್ಲಿ ಇಬ್ಬನಿ ಕೂತ ಕಡಲೆಗಿಡಗಳ ಮೇಲೆ ಶುಭ್ರವಾದ ಅರಿವೆ ಎಳೆಯಬೇಕು. ಎಲೆಯ ಹುಳಿಯೆಲ್ಲ ಅರಿವೆಗೆ ಬರುತ್ತದೆ. ಅದನ್ನು ತಂಬಿಗೆಗೆ ಹಿಂಡಬೇಕು, ಅಷ್ಟೇ.

"ಇಬ್ಬನಿ ಮ್ಯಾಲಿಂದ ಬೀಳೂದಿಲ್ರಿ ಮಾವಾ. ಎಲಿ ಮ್ಯಾಲೇ ಹುಟ್ಟತೈತಿ," ಎಂದು ಊಟದ ಹೊತ್ತಿಗೆ ಪಾಠ ಶುರುಮಾಡಿದೆ.

"ಎಲ್ಲೆರ ಹುಟ್ಟಲಿ ಮಾಸ್ತರ್ರ, ತರಾವ್ರು ಯಾರು?" ಎಂದರು ಮಾವ.

"ನಾ ತರತೇನಿ!" ಅಂದುಬಿಟ್ಟೆ.

ಮುಂಜಾನೆ ಹೆಂಡತಿ ಮಡಿಚಿಟ್ಟ ಬಿಳಿ ಅರಿವೆ ಕೊಟ್ಟಳು. ಹೊರಗೆ ಬಂದರೆ, ಅಬ್ಬಬ್ಬಾ, ಎಂಥ ಮಂಜು! ನನ್ನ ಕೈ ನನಗೇ ಕಾಣದು. ಮಂಜು ಎಂದರೆ ನೆಲಕ್ಕಿಳಿದ ಮೋಡವೆಂದು ನೂರು ಸಲ ಕಲಿಸಿದ್ದೆ. ಅದರೊಳಗೆ ನಡೆಯುವುದು ಹೇಗೆಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಿವಿಗೆ ಥಂಡಿ ಬಡಿದೀತೆಂದು ಆ ಅರಿವೆಯನ್ನೇ ತಲೆಗೆ ಸುತ್ತಿಕೊಂಡು ಹೊರಟೆ. ಮೊದಲು ಸಿಕ್ಕಿದ್ದು ಹೊಲದ ಅಂಚಿಗೆ ಬಿತ್ತಿದ ಕುಸುಬೆಯ ಮುಳ್ಳು. ಧೋತರ ಹರಿಯಿತು. ಕಡೆಗೆ ಕಡಲೆ ಸಿಕ್ಕಿತು. ತಲೆಯ ಅರಿವೆ ಬಿಚ್ಚಿ, ಎಳೆದು, ಹಿಂಡಿ, ಅರ್ಧ ತಂಬಿಗೆ ತುಂಬಿಸಿಕೊಂಡು ವೀರನಂತೆ ಮರಳಿದೆ.

ಮಾವ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಆಮೇಲೆ ಉಳಿದದ್ದನ್ನೂ ಒಂದೇ ಉಸಿರಿಗೆ ಕುಡಿದರು.

"ಛಲೋ ಐತಿ," ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ತಂಬಿಗೆ ತೊಳೆಯಲು ಒಯ್ದ ಹೆಂಡತಿ ಹಿತ್ತಲಿನಿಂದ ಕರೆದಳು. "ಇದೇನ್ರಿ, ಕೊಬ್ಬರಿ ಎಣ್ಣಿ ವಾಸನಿ? ಅರಿವಿ ತಲಿಗೆ ಸುತ್ತಿಕೊಂಡಿದ್ರೇನು?"

ದಿನಾ ತಲೆಗೆ ಸುರಿದುಕೊಳ್ಳುವ ಎಣ್ಣೆಯನ್ನೆಲ್ಲ ಮಾವನವರಿಗೆ ಕುಡಿಸಿದ್ದೆ. ಬಾವಿ ಹತ್ತಿರದಲ್ಲೇ ಇತ್ತು, ಹಾರಬಹುದಿತ್ತು; ನೀರು ತಣ್ಣಗಿದ್ದೀತೆಂದು ಬಿಟ್ಟೆ. ಇಡೀ ದಿನ ಮಾವ ಆ ಮಾತು ಎತ್ತಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನವೂ ಅಷ್ಟೇ ಮಂಜು. ಮಾವ ಬಂದು ನನ್ನನ್ನು ಎಬ್ಬಿಸಿದರು. "ಏಳ್ರಿ, ಹೊಲಕ್ಕ ಹೋಗೂಣು." ಬಾಗಿಲಲ್ಲಿ ನಿಂತು ತಮ್ಮ ರುಮಾಲು ಬಿಚ್ಚಿ, ಮಗುವಿಗೆ ಕುಂಚಿಗೆ ಕಟ್ಟಿದಂತೆ ನನ್ನ ತಲೆಗೆ ಸುತ್ತಿದರು. ಬಿಳಿ ಅರಿವೆಯನ್ನು ಕೈಗೆ ಕೊಟ್ಟರು.

"ಇದು ತಲಿಗೆ, ಅದು ಗಿಡಕ್ಕ," ಎಂದರು.

ನನಗೆ ಕಣ್ಣು ತುಂಬಿ ಬಂತು. ಅವರು ಬರಿದಲೆಯಲ್ಲಿ ಮುಂದೆ ನಡೆದರು, ನಾನು ಹಿಂದೆ. ಅವರ ಬೋಳುತಲೆಯ ಮೇಲೆ ಸಣ್ಣ ಸಣ್ಣ ಹನಿ ಕೂತಿದ್ದವು. ಅವು ಮೇಲಿಂದ ಬಿದ್ದವೋ ಅಲ್ಲೇ ಹುಟ್ಟಿದವೋ, ಅಂದು ನಾನು ಪಾಠ ಹೇಳಲಿಲ್ಲ.