ಕಾಕಾ ಕಂಡ ಕಾಪ್ಸ್

ಪಸಡೀನಾದಲ್ಲಿ ನಾವಿದ್ದ ರಸ್ತೆಯ ಹೆಸರಿಗೆ ‘ಹರ್ಸ್ಟ್’ ಎಂಬ ಬಾಲವಿತ್ತು. ವಿಳಾಸ ಕೇಳಿದವರಿಗೆಲ್ಲ ವರ್ಷಗಟ್ಟಲೆ ಹೇಳಿದ್ದರೂ ಆ ಬಾಲಕ್ಕೊಂದು ಅರ್ಥವಿರಬಹುದೆಂದು ನನಗೆ ಹೊಳೆದಿರಲಿಲ್ಲ. ಅದು ಹೊಳೆಯಲು ಗದಗಿನಿಂದ ನನ್ನ ಚಿಕ್ಕಪ್ಪ ಬರಬೇಕಾಯಿತು.

ಗುರುನಾಥ ಕಾಕಾ ಗದಗಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸ್ಯಾನ್ ಡಿಯಾಗೋದಲ್ಲಿರುವ ಮಗಳ ಮನೆಗೆ ಬಂದವರು, 2003ರ ವಸಂತದಲ್ಲಿ ಕೆಲವು ವಾರ ನಮ್ಮಲ್ಲಿ ಉಳಿದರು. ಮೊದಲ ಸಂಜೆಯೇ ರಸ್ತೆಯ ಫಲಕದ ಮುಂದೆ ನಿಂತು, “ಸುಮಾ, ಹರ್ಸ್ಟ್ ಅಂದ್ರ ಗಿಡಗಳಿರೋ ದಿಬ್ಬ. ಹಳೇ ಇಂಗ್ಲಿಷು. ಎಲ್ಲದ ನಿಮ್ಮ ದಿಬ್ಬ?” ಎಂದರು. ನಾನು ಗ್ಯಾರೇಜುಗಳ ಸಾಲನ್ನು ತೋರಿಸಿದೆ.

ನಮ್ಮ ಗದಗಿನ ಕಡೆ ಎಷ್ಟೇ ದೊಡ್ಡ ಆಲವಾದರೂ ಅದು ಗಿಡವೇ. ಮರ ಎನ್ನುವವರು ಮೈಸೂರಿನವರು. ಕಾಡು ಕಡಿಮೆಯಿದ್ದದ್ದರಿಂದ ಒಂದೇ ಶಬ್ದದಲ್ಲಿ ಸುಧಾರಿಸಿಕೊಂಡೆವೋ ಏನೋ. ಹಳೆಯ ಇಂಗ್ಲಿಷರ ಸಿರಿವಂತಿಕೆಯೇ ಬೇರೆ. ಪುಟ್ಟ ಕಾಡಾದರೆ ಹೋಲ್ಟ್, ಹೊಲದಂಚಿಗೆ ಪಟ್ಟಿಯ ಹಾಗೆ ಬೆಳೆದಿದ್ದರೆ ಶಾ, ಮುಳ್ಳುಪೊದೆ ಸೇರಿಕೊಂಡರೆ ಸ್ಪಿನ್ನಿ. ಅವರ ಟ್ರೀಗೂ ನಿಜವೆನ್ನುವ ಟ್ರೂಗೂ ಬೇರು ಒಂದೇ ಎನ್ನುತ್ತಾರೆ ಬಲ್ಲವರು. ಇವನ್ನೆಲ್ಲ ಕಾಕಾ ಜಾಲಿಗಿಡಗಳ ಸೀಮೆಯಲ್ಲಿ ನಿಂತು, ಒಂದನ್ನೂ ಕಣ್ಣಾರೆ ಕಾಣದೆ, ಕಲಿಸಿದ್ದರು. ಕಲಿತವರಲ್ಲಿ ನಾನೂ ಒಬ್ಬಳು. ಪಾಸಾದ ಮೇಲೂ ನೆನಪಿಟ್ಟುಕೊಳ್ಳುವ ದುರಭ್ಯಾಸ ಮಾತ್ರ ನನಗಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ನನ್ನ ಸೆಲ್ ಫೋನನ್ನು ಜೇಬಿಗೆ ಹಾಕಿಕೊಂಡು ಬೆಟ್ಟದ ಕಡೆ ವಾಕಿಂಗ್ ಹೋದ ಕಾಕಾ ಮಧ್ಯಾಹ್ನವಾದರೂ ಬರಲಿಲ್ಲ. ಕೊನೆಗೆ ಮನೆಯ ಫೋನ್ ಹೊಡೆದುಕೊಂಡಿತು.

“ಸುಮಾ, ನಾ ಕಾಪ್ಸ್‌ನ್ಯಾಗ ಕೂತೀನಿ. ಗಾಬರಿ ಆಗಬ್ಯಾಡ. ಜನ್ಮದಾಗ ಮೊದಲನೇ ಸಲ...”

ಅಷ್ಟಕ್ಕೇ ಫೋನ್ ಸತ್ತುಹೋಯಿತು.

ಕಾಪ್ಸ್ ಎಂದರೆ ಇಲ್ಲಿ ಪೊಲೀಸರು. ಟೀವಿಯ ತುಂಬ ಯುದ್ಧದ ಸುದ್ದಿಯಿದ್ದ ದಿನಗಳವು. ಕಂದು ಮೈ, ಬಿಳಿ ಗಡ್ಡ, ತಲೆಗೆ ಮಫ್ಲರ್, ಹೆಗಲಿಗೆ ಚೀಲ: ಯಾರಾದರೂ ಕಂಪ್ಲೇಂಟ್ ಮಾಡಲು ಇನ್ನೇನು ಬೇಕು? ನನ್ನ ಗಂಡ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಓಡಿಹೋಗಿ ಪಕ್ಕದ ಮನೆಯ ಅನ್ವರ್ ಅವರ ಬಾಗಿಲು ಬಡಿದೆ.

ಅನ್ವರ್ ಮೈಸೂರಿನವರು, ಚಾಟ್ಸ್‌ವರ್ತ್‌ನಲ್ಲಿ ಇಂಜಿನಿಯರ್. ಹಿಂದಿನ ವರ್ಷ ವಿಮಾನ ನಿಲ್ದಾಣದಲ್ಲಿ ಅವರನ್ನು ಪಕ್ಕಕ್ಕೆ ಕರೆದು ಗಂಟೆಗಟ್ಟಲೆ ಪ್ರಶ್ನೆ ಕೇಳಿದ್ದರು. ಅಂದಿನಿಂದ ಆಫೀಸು, ಮನೆ ಬಿಟ್ಟರೆ ಎಲ್ಲೂ ಹೋಗುತ್ತಿರಲಿಲ್ಲ. ಸಂಜೆಯ ವಾಕಿಂಗನ್ನೂ ಬಿಟ್ಟಿದ್ದರು. ನನ್ನ ಮಾತು ಕೇಳಿ ಒಂದು ಕ್ಷಣ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಕಾರಿನ ಕೀ ತೆಗೆದುಕೊಂಡು, “ಅಂಕಲ್ ಪಾಸ್‌ಪೋರ್ಟ್ ತಗೊಳ್ಳಿ. ನಾನೇ ಡ್ರೈವ್ ಮಾಡ್ತೀನಿ. ಅಲ್ಲಿ ನೀವು ಮಾತಾಡಿ, ನಾನು ಜೊತೇಲಿರ್ತೀನಿ,” ಎಂದರು.

ಪೊಲೀಸ್ ಠಾಣೆಯ ಕಿಟಕಿಯ ಹಿಂದಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಅಂಥವರನ್ನು ಯಾರೂ ಕರೆತಂದಿಲ್ಲವೆಂದಳು. ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ ಎಂದಳು. ಕಾಕಾ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ. “ಕಾಪ್ಸ್ ಒಳಗೆ ಹೇಗೆ ಕೂರುತ್ತಾರೆ?” ಎಂದು ಅವಳು ಹುಬ್ಬೇರಿಸಿದಳು.

ಆಗ ತಲೆಯೊಳಗೆ ದೀಪ ಹತ್ತಿತು. ಕಾಪ್ಸ್! ಕಾಕಾ ಕಲಿಸಿದ್ದ ಚಿಕ್ಕ ತೋಪು! ಕಾಗುಣಿತ ಬೇರೆ, ಉಚ್ಚಾರ ಒಂದೇ.

“ಅನ್ವರ್, ಬೆಟ್ಟದ ಬುಡದಲ್ಲಿ ಗಿಡ ಎಲ್ಲಿವೆ?”

“ಯಾವ ಗಿಡ? ಗುಲಾಬಿನಾ?”

“ಅಯ್ಯೋ, ಮರ! ದೊಡ್ಡ ದೊಡ್ಡ ಮರ!”

ಅನ್ವರ್ ಕಾರು ತಂದು ನಿಲ್ಲಿಸಿದ ಒಣಹಳ್ಳದ ದಂಡೆಯಲ್ಲಿ ಓಕ್ ಮರಗಳ ಒಂದು ಗುಂಪಿತ್ತು. ಕಾಕಾ ಚಪ್ಪಲಿ ಬಿಚ್ಚಿಟ್ಟು ಒಂದು ಬುಡಕ್ಕೆ ಒರಗಿ ಕೂತಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಕಾಕಾ, ನಿಮ್ಮನ್ನ ಪೊಲೀಸರು ಹಿಡಕೊಂಡು ಹೋದ್ರು ಅಂತ ನಮ್ಮ ಜೀವಾನ ಹೋಗಿತ್ತು!”

“ಪೊಲೀಸರು ನನ್ನ ಯಾಕ ಹಿಡೀತಾರ? ನಾ ಏನ್ ಮಾಡೀನಿ?”

ಅನ್ವರ್ ತಲೆ ತಗ್ಗಿಸಿ ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ಕಾಕಾ ತಲೆಯೆತ್ತಿ ಅನ್ವರ್ ಮುಖ ನೋಡಿದರು. ನಂತರ ಪಕ್ಕಕ್ಕೆ ಸರಿದು ಜಾಗ ಮಾಡಿ, “ಕೂಡ್ರಿ,” ಎಂದರು. “ಈ ಗಿಡ ನೋಡ್ರಿ. ಒಂದ ಬುಡ, ಐದಾರು ಬೊಡ್ಡಿ. ಯಾವಾಗೋ ಬೆಂಕಿ ಬಿದ್ದದ, ಇಲ್ಲಾ ಯಾರೋ ಕಡದಾರ. ಬೇರು ಗಟ್ಟಿ ಇತ್ತು, ಮತ್ತ ಚಿಗತದ. ಕಾಪ್ಸ್ ಅಂದ್ರ ಖರೇ ಇಂಥಾದ್ದ, ಕಡದಷ್ಟೂ ಚಿಗಿಯೂದು. ಅಷ್ಟು ವರ್ಷ ಪಾಠ ಹೇಳಿದೆ, ಇವತ್ತ ಕಂಡೆ.”

ಅನ್ವರ್ ಕೂತರು. ಮರದ ಸೀಳಿದ ತೊಗಟೆಯ ಮೇಲೆ ಕೈಯಾಡಿಸುತ್ತ, ವಿಮಾನ ನಿಲ್ದಾಣದಲ್ಲಿ ನಡೆದದ್ದನ್ನು ನಿಧಾನವಾಗಿ ಹೇಳಿದರು. ನೆರೆಯವಳಾದ ನನಗೂ ಅಷ್ಟು ವಿವರ ಗೊತ್ತಿರಲಿಲ್ಲ. ಕಾಕಾ ಪೂರ್ತಿ ಕೇಳಿದರು. ಇಷ್ಟೊಂದು ಶಬ್ದ ಬಲ್ಲ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದವರು ಅನ್ವರ್. ಕಾಲಿಗೆ ವಾಕಿಂಗ್ ಶೂ. ಹಿಂದೆ ಹೆಂಡತಿ ಶಬಾನಾ, ಕೈಯಲ್ಲಿ ಊಟದ ಡಬ್ಬಿ. “ಅಂಕಲ್ ರೆಡಿನಾ?”

ಅಂದು ಅದೇ ಓಕ್ ಮರಗಳ ನಡುವೆ ಕಾಕಾ ಕಲಿಸಿದ ಶಬ್ದ ಗ್ಲೇಡ್: ಮರಗಳು ತುಸು ಹಿಂದೆ ಸರಿದು ಬಿಸಿಲಿಗೆ ದಾರಿ ಬಿಟ್ಟ ಬಯಲು. ಇದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಶಬಾನಾ ಕೇಳಿದರು. ಕಾಕಾ ಗಡ್ಡ ನೀವಿಕೊಂಡರು, ನಾನು ಆಕಾಶ ನೋಡಿದೆ. ಇಬ್ಬರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಅನ್ವರ್ ಆ ಬಿಸಿಲಿನ ನಟ್ಟನಡುವೆ ಜಮಖಾನ ಹಾಸಿದ್ದರು. ಹೆಸರು ಆಮೇಲೆ ಹುಡುಕಿದರಾಯಿತೆಂದು ಊಟಕ್ಕೆ ಕೂತೆವು.