ಒಂದೂಕಾಲು ಇಂಚು

ಕುರ್ಚಿ ಮನೆಗೆ ಬಂದ ದಿನ ಕಮತಗಿಯ ಬಡಗಿ ಅಂಗಳದಲ್ಲಿ ಚಪ್ಪಲಿ ಕಳಚಿ, ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದು, ನನ್ನ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾವಾಗ ಆತ್ರಿ ಸರ?"

"ಏನ್ ಯಾವಾಗ?"

"ಅಕ್ಕೋರದು..." ಎಂದು ಬಡಗಿ ಮಾತು ನಿಲ್ಲಿಸಿದರು.

ನಾನು ಪಡಸಾಲೆಯ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದೆ. ಆಗ ನನಗೆ ಒಂದು ಮಾತು ಆಡಿ ಮುಗಿಸಲು ಬಹಳ ಹೊತ್ತು ಬೇಕಾಗುತ್ತಿತ್ತು. ಆದರೂ ಆಡಿದೆ. "ಅಕ್ಕೋರು ಇಲ್ಲೇ ಅದಾರ."

ಅವರ ಕೈಯಿಂದ ಟವೆಲ್ಲು ಬಿತ್ತು. ಹೊರಗೆ ಟಂಟಂ ಗಾಡಿಯಲ್ಲಿ ಹಗ್ಗ ಬಿಗಿದ ಕುರ್ಚಿ ಇತ್ತು. ಅದನ್ನು ಇಳಿಸಬೇಕೋ ಒಯ್ಯಬೇಕೋ ತಿಳಿಯದೆ ಗಾಡಿಯವನು ಎಲ್ಲರ ಮುಖ ನೋಡುತ್ತಿದ್ದ.

ಅದಕ್ಕೂ ಒಂದೂವರೆ ತಿಂಗಳ ಹಿಂದೆ ನನಗೆ ಲಕ್ವಾ ಹೊಡೆದಿತ್ತು. ಹುನಗುಂದದ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಶಿಕ್ಷಕಿ, ಮೂವತ್ತೊಂದು ವರ್ಷದ ಕೆಲಸ. ಏಳನೆಯ ಪೀರಿಯಡ್ಡಿನಲ್ಲಿ ಕೈಯಿಂದ ಸೀಮೆಸುಣ್ಣ ಜಾರಿತು. ಬಗ್ಗಿ ಎತ್ತಿಕೊಂಡೆ. ಮತ್ತೆ ಜಾರಿತು. ಮೂರನೆಯ ಸಲ ಬಗ್ಗಿದವಳು ಏಳಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೆಂಟು ದಿನ ಇದ್ದು ಬಂದೆ. ಬಲಗಾಲು ಅರ್ಧ ಬಂತು, ಬಲಗೈ ಅದಕ್ಕಿಂತ ಕಡಿಮೆ.

ಮನೆಗೆ ಬಂದ ಮೇಲೆ ಜನ ಮಾತಾಡಿಸಲು ಬರುತ್ತಿದ್ದರು. ನನ್ನನ್ನು ಮಾತ್ರ ಮಾತಾಡಿಸುತ್ತಿರಲಿಲ್ಲ. "ಏನ್ ಉಣ್ತಾರ? ನಿದ್ದಿ ಮಾಡ್ತಾರ?" ಎಂದು ನನ್ನ ಎದುರಿಗೇ ನನ್ನ ಗಂಡನನ್ನು ಕೇಳುತ್ತಿದ್ದರು. ಮಲಗಿದವರ ಮುಂದೆ ಜನ ಹೀಗೆ ಮಾತಾಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನೂ ಎಷ್ಟೋ ಮನೆಗಳಲ್ಲಿ ಹಾಗೇ ಮಾತಾಡಿ ಬಂದಿರಬೇಕು.

ಕೂತಿರಿ, ಮಲಗಬೇಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಸೋಫಾದಲ್ಲಿ ಕೂತರೆ ಕುಸಿದು ಬಲಕ್ಕೆ ವಾಲುತ್ತಿದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಂದಕ್ಕೆ ಜಾರುತ್ತಿದ್ದೆ. ಆಗ ಆ ಕುರ್ಚಿ ನೆನಪಾಯಿತು.

ಡಿಪ್ಲೊಮಾ ಓದುವಾಗ ಒಂದು ಪುಸ್ತಕದಲ್ಲಿ ಅದನ್ನು ಮೊದಲು ನೋಡಿದ್ದು. ನೂರು ವರ್ಷಕ್ಕೂ ಹಿಂದೆ ಹಾಲೆಂಡಿನ ಒಬ್ಬ ಬಡಗಿ ಮಾಡಿದ್ದು. ಕೈ ಊರುವ ಎರಡು ಸೇರಿ ಹದಿನೈದು ಪಟ್ಟಿ, ಕೂರಲು ಒಂದು ಹಲಗೆ, ಒರಗಲು ಒಂದು ಹಲಗೆ, ಅಷ್ಟೇ. ಮೊದಲು ಬಣ್ಣವಿಲ್ಲದೆ ಮಾಡಿ, ಕೆಲವು ವರ್ಷಗಳ ನಂತರ ಬೆನ್ನಿಗೆ ಕೆಂಪು, ಕೂರುವ ಹಲಗೆಗೆ ನೀಲಿ, ಪಟ್ಟಿಗಳಿಗೆ ಕಪ್ಪು, ಪಟ್ಟಿಗಳ ತುದಿಗೆ ಹಳದಿ ಹಚ್ಚಿದ. ಅದರಲ್ಲಿ ಯಾವ ಪಟ್ಟಿಯೂ ಇನ್ನೊಂದನ್ನು ಕೊರೆದು ಒಳಗೆ ಸೇರುವುದಿಲ್ಲ. ಮಗ್ಗುಲಿಗೆ ತಾಗುತ್ತದೆ, ಒಳಗಿನ ಒಂದು ಸಣ್ಣ ಗೂಟದ ಆಧಾರದಲ್ಲಿ ನಿಲ್ಲುತ್ತದೆ, ಆಮೇಲೆ ಸ್ವಲ್ಪ ಮುಂದೆ ಹೋಗುತ್ತದೆ. ಕೂಡಿದಲ್ಲಿಗೆ ಮುಗಿಯುವುದಿಲ್ಲ. ನನಗೆ ಅದರಲ್ಲಿ ಇಷ್ಟವಾದದ್ದು ಇದು. ಪ್ರತಿ ವರ್ಷ ಎಂಟನೆಯ ತರಗತಿಗೆ ಕರಿಹಲಗೆಯ ಮೇಲೆ ಅದನ್ನು ಬರೆದು, ಯಾವ ಪಟ್ಟಿ ಮುಂದಿದೆ, ಯಾವುದು ಹಿಂದೆ ಎಂದು ಕೇಳುತ್ತಿದ್ದೆ. ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ.

ಎರಡು ದಿನ ಹಿಡಿದು ಎಡಗೈಯಲ್ಲಿ ಪಟ್ಟಿಗಳ ಚಿತ್ರವನ್ನೂ ಅಳತೆಗಳನ್ನೂ ಬರೆದೆ. ನನ್ನ ಮೈಯನ್ನೂ ಅಳೆಸಿಕೊಂಡೆ: ಮೊಣಕಾಲಿನಿಂದ ಬೆನ್ನಿಗೆ ಎಷ್ಟು, ಕೂತಾಗ ಭುಜ ಎಷ್ಟು ಎತ್ತರ, ಸೊಂಟ ಎಷ್ಟು ಅಗಲ. ಪಟ್ಟಿಯ ದಪ್ಪ ಒಂದೂಕಾಲು ಇಂಚು, ಕೂಡಿದಲ್ಲಿಂದ ತುದಿ ಮುಂದೆ ಚಾಚಬೇಕಾದದ್ದೂ ಒಂದೂಕಾಲು ಇಂಚು. ಕಾಗದದ ಫೋಟೊ ತೆಗೆದು ನನ್ನ ಗಂಡ ಬಡಗಿಗೆ ಕಳಿಸಿದರು. ಫೋನಿನಲ್ಲಿ ಬಡಗಿ "ಅಕ್ಕೋರಿಗೆ ಹೆಂಗೈತ್ರಿ?" ಎಂದು ಕೇಳಿದ್ದಾರೆ. ನನ್ನ ಗಂಡನಿಗೆ ಆ ದಿನಗಳಲ್ಲಿ ಆ ಪ್ರಶ್ನೆ ಬಂದರೆ ಅಳು ಬರುತ್ತಿತ್ತು. "ಏನ್ ಹೇಳೂದ್ರಿ... ಲಗೂನ ಮಾಡಿಕೊಡ್ರಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಾರೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಕಟ್ಟಿಗೆಯ ಪಟ್ಟಿಗಳಿಂದ ಕುರ್ಚಿಯಂಥದ್ದೊಂದು ಕಟ್ಟಿ, ಹೂವಿನಿಂದ ಸಿಂಗರಿಸಿ, ಹೆಗಲು ಕೊಡಲು ಕೆಳಗಿನ ಪಟ್ಟಿಗಳನ್ನು ಉದ್ದ ಬಿಡುತ್ತಾರೆ. ಅದಕ್ಕೆ ವಿಮಾನ ಎನ್ನುತ್ತೇವೆ. ಲಕ್ವಾ ಹೊಡೆದ ಹೆಂಗಸು, ಅವಳ ಮೈಯ ಅಳತೆ, ತುದಿ ಚಾಚಿದ ಪಟ್ಟಿಗಳು, ಅಳುವ ಗಂಡ, ಲಗೂನ ಎಂಬ ಅವಸರದ ಮಾತು. ಬಡಗಿ ಮತ್ತೇನನ್ನೂ ಕೇಳಲಿಲ್ಲ. ಅಂಥ ಕೆಲಸಕ್ಕೆ ಪ್ರಶ್ನೆ ಕೇಳಬಾರದು ಎಂದು ಅವರಿಗೆ ತಂದೆ ಕಲಿಸಿದ್ದರಂತೆ. ಕೈಗೆ ಸಿಕ್ಕ ಬೇವಿನ ಕಟ್ಟಿಗೆಯಲ್ಲಿ ಒಂದೂವರೆ ದಿನದಲ್ಲಿ ಮುಗಿಸಿದ್ದರು. ನುಣುಪು ಮಾಡಿರಲಿಲ್ಲ. ಉಳಿದೆಲ್ಲ ನನ್ನ ಅಳತೆಯೇ. ಕೆಳಗಿನ ಎರಡು ಪಟ್ಟಿಗಳನ್ನು ಮಾತ್ರ ಹೆಗಲಿಗೆಂದು ಎರಡೂ ತುದಿಗೆ ಗೇಣುದ್ದ ಹೆಚ್ಚು ಬಿಟ್ಟಿದ್ದರು.

"ತಪ್ಪಾತ್ರಿ ಅಕ್ಕೋರ, ಭಾಳ ದೊಡ್ಡ ತಪ್ಪಾತು" ಎಂದು ಬಡಗಿ ಹೊಸ್ತಿಲ ಹೊರಗೇ ನಿಂತು ಹೇಳಿದರು.

"ಕುರ್ಚಿ ಇಳಸ್ರಿ" ಎಂದೆ.

ನನ್ನ ಗಂಡನ ಅಕ್ಕ ಅಡುಗೆಮನೆಯಿಂದ ಬಂದದ್ದು ಆಗ. ಬಾದಾಮಿಯವರು. ದವಾಖಾನೆಯಲ್ಲಿ ಹದಿನೆಂಟೂ ದಿನ ನನ್ನ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗಿದವರು, ಈಗಲೂ ನನ್ನ ತಲೆ ಬಾಚುವವರು. ಅಂಗಳದಲ್ಲಿ ಇಳಿದ ಕುರ್ಚಿಯನ್ನು ನೋಡಿ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇದನ್ನ ಯಾರ್ ತಂದ್ರು? ವಾಪಸ್ ಒಯ್ಯಿರಿ. ಮೊದಲ ಒಯ್ಯಿರಿ."

"ಅಕ್ಕಾ, ಅದು ನಾ ಮಾಡಿಸಿದ್ದು."

"ನೀ ಮಾಡಿಸಿದ್ದಿ? ಜೀವ ಇದ್ದಾಗನ ಇದನ್ನ ಯಾರ್ ಮಾಡಸ್ತಾರ? ಆ ತುದಿ ನೋಡು, ಹೆಗಲ ಕೊಡಾಕ ತಯಾರ ನಿಂತಾವ."

ಬಡಗಿಗೆ ದಾರಿ ಸಿಕ್ಕಿತು. "ತುದಿ ಅಷ್ಟೂ ಕೊಯ್ದ ಬಿಡ್ತೇನ್ರಿ ಅವ್ವಾರ. ಐದ ಮಿನಿಟು. ಆಮೇಲೆ ಮಾಮೂಲಿ ಕುರ್ಚಿ ಆಕ್ಕೈತಿ" ಎಂದು ಚೀಲದಿಂದ ಗರಗಸ ತೆಗೆದರು. ನನ್ನ ಗಂಡ ನನ್ನನ್ನೂ ಅಕ್ಕನನ್ನೂ ಒಂದೊಂದು ಸಲ ನೋಡಿ, "ಕೊಯ್ದ್ರ ಏನಾಗ್ತದ?" ಎಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ.

ಏನಾಗುತ್ತದೆ ಎಂದು ವಿವರಿಸುವಷ್ಟು ಮಾತು ನನ್ನಲ್ಲಿರಲಿಲ್ಲ. ಆ ಒಂದೂವರೆ ತಿಂಗಳಲ್ಲಿ ನಾನು ಉಣ್ಣುವ ಹೊತ್ತು, ಮೀಯುವ ಹೊತ್ತು, ಉಡುವ ಸೀರೆ ಎಲ್ಲವನ್ನೂ ಬೇರೆಯವರು ನಿರ್ಧರಿಸಿದ್ದರು. ನಾನು ನಿರ್ಧರಿಸಿದ್ದು ಈ ಒಂದನ್ನು ಮಾತ್ರ. ಗೋಡೆ ಹಿಡಿದು ಎದ್ದೆ. ಮಂಚದಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಬಾಗಿಲಿನಿಂದ ಒಂದು ಮೆಟ್ಟಿಲು ಇಳಿದರೆ ಅಂಗಳ. ನನ್ನ ಗಂಡ ಕೈ ಚಾಚಿದರು. ಹಿಡಿಯಲಿಲ್ಲ. ಬಡಗಿಯ ಗರಗಸ ಪಟ್ಟಿಯ ಮೇಲೆ ಕೂರುವ ಮೊದಲು ನಾನು ಹೋಗಿ ಕುರ್ಚಿಯಲ್ಲಿ ಕೂತೆ.

ಅದು ನೆಲದಿಂದ ಬರೀ ಹದಿಮೂರು ಇಂಚು. ಕೊನೆಗೆ ದೊಪ್ಪನೆ ಬಿದ್ದೆ ಎನ್ನಬೇಕು. ಬೇವಿನ ಸಿಗುರು ಅಂಗೈಗೆ ಚುಚ್ಚಿತು. ಆದರೆ ಬೆನ್ನ ಹಲಗೆ ನನ್ನನ್ನು ಸೊಂಟದಿಂದ ಕುತ್ತಿಗೆಯವರೆಗೆ ಒಂದೇ ಸಮ ಹಿಡಿಯಿತು. ಎರಡೂ ಕಡೆ ಅಗಲವಾದ ಕೈಪಟ್ಟಿ. ಬಲಕ್ಕೆ ವಾಲಲಿಲ್ಲ. ಲಕ್ವಾ ಹೊಡೆದ ದಿನದಿಂದ ಮೊದಲ ಸಲ ನನ್ನ ಎದುರಿನ ಗೋಡೆ ನನಗೆ ನೆಟ್ಟಗೆ ಕಂಡಿತು.

ಅಕ್ಕ ನನ್ನ ಮುಂದೆ ಬಂದು ನಿಂತರು. ಕಣ್ಣಲ್ಲಿ ನೀರಿತ್ತು. "ನಮ್ಮವ್ವನ್ನ ನೋಡೀನಿ, ನಮ್ಮ ಅಣ್ಣನ್ನ ನೋಡೀನಿ, ನಮ್ಮ ಮನಿಯವರನ್ನ ನೋಡೀನಿ. ಇಂಥಾದ್ರಾಗ ಕುಂತವರು ಎದ್ದದ್ದು ನಾ ನೋಡಿಲ್ಲ ಯವ್ವಾ."

"ಹಂಗಾರ ಈಗ ನೋಡ್ರಿ" ಎಂದೆ.

ಹೇಳುವುದು ಸುಲಭ. ಮೊದಲ ಸಲ ಎದ್ದೆನೆಂದುಕೊಂಡಾಗ ಹಲಗೆ ಬಿಟ್ಟು ಒಂದು ಇಂಚೂ ಮೇಲೆ ಬಂದಿರಲಿಲ್ಲ. ಎರಡನೆಯ ಸಲ ಅರ್ಧಕ್ಕೆ ಬಂದು ಮತ್ತೆ ಬಿದ್ದೆ. ಕುರ್ಚಿ ಕಿರ್ ಎಂದಿತು. ನನ್ನ ಗಂಡ ಮುಂದೆ ಬಂದರು. "ಬ್ಯಾಡ" ಎಂದೆ. ಆ ಒಂದು ಶಬ್ದ ತಡೆಯಿಲ್ಲದೆ ಬಂತು. ಎಡಗೈಯಿಂದ ಕೈಪಟ್ಟಿಯ ಮುಂದಿನ ತುದಿಯನ್ನು ಬಿಗಿಯಾಗಿ ಹಿಡಿದು, ಎಡಗಾಲನ್ನು ಒಳಗೆ ಎಳೆದುಕೊಂಡು, ತಲೆಯನ್ನು ಮೊಣಕಾಲಿನ ಮುಂದೆ ತಂದು ಒತ್ತಿದೆ. ಎದ್ದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಟಂಟಂ ಗಾಡಿಯವನು ಇಂಜಿನ್ ಬಂದ್ ಮಾಡಿ ಕೆಳಗಿಳಿದು ನೋಡುತ್ತಿದ್ದ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಎದ್ದಿ, ಖರೆ. ಆದ್ರ ಆ ಕೆಳಗಿನ ಎರಡು ಉದ್ದಾನ್ವು ನನ್ನ ಕಣ್ಣಿಗೆ ಬೀಳಬಾರ್ದು" ಎಂದರು.

"ಅವು ನನ್ನ ಅಳತಿ ಅಲ್ಲ. ಕೊಯ್ಸತೇನಿ. ಒಂದೂಕಾಲು ಇಂಚು ಬಿಟ್ಟು."

"ಅಷ್ಟಾದ್ರೂ ಯಾಕ ಬಿಡಬೇಕು?"

"ಕುರ್ಚಿ ಇರೂದ ಹಂಗ ಅಕ್ಕಾ."

"ಲಕ್ವಾ ಕೈಗೆ ಹೊಡೀತು, ಹಟಕ್ಕ ಹೊಡೀಲಿಲ್ಲ" ಎಂದು ಅವರು ಒಳಗೆ ಹೋದರು. ಹೋಗುವಾಗ ನನ್ನ ಅಂಗೈ ಹಿಡಿದು ಸಿಗುರು ಎಲ್ಲಿದೆ ಎಂದು ನೋಡಿ, ಸೂಜಿ ತರುತ್ತೇನೆಂದು ಹೇಳಿ ಹೋದರು.

ಬಡಗಿ ಕಿವಿಯ ಹಿಂದಿನ ಪೆನ್ಸಿಲ್ ಕೊಟ್ಟರು. ಗುರುತು ನಾನೇ ಹಾಕುತ್ತೇನೆಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಬಲಗೈಗೇ ಪೆನ್ಸಿಲ್ ಹಿಡಿಸಿ, ಮಣಿಕಟ್ಟನ್ನು ಎಡಗೈಯಿಂದ ಹಿಡಿದು, ಪಟ್ಟಿಯ ಸುತ್ತ ಗೆರೆ ಎಳೆದೆ. ಮೂವತ್ತೊಂದು ವರ್ಷ ಸ್ಕೇಲಿಲ್ಲದೆ ನೇರ ಗೆರೆ ಎಳೆದ ಕೈ ಅದು.

ಬಡಗಿ ಬಗ್ಗಿ ನೋಡಿದರು. "ಮೂರ್ನಾಕು ಗೆರಿ ಅದಾವ್ರಿ ಅಕ್ಕೋರ. ಯಾವುದನ್ನ ಹಿಡೀಲಿ?"

"ನಡುವಿಂದು."

ಕೊಯ್ದರು. ಬೇವಿನ ಪುಡಿ ಅಂಗಳಕ್ಕೆ ಉದುರಿತು. ನಾಲ್ಕು ತುಂಡುಗಳು ಬಿದ್ದವು. ನಾನು ಅಳತೆ ಟೇಪು ಕೇಳಿ ಇಸಿದುಕೊಂಡು ಒಂದೊಂದೇ ತುದಿಗೆ ಹಿಡಿದೆ. ಮೂರು ಸರಿಯಾಗಿದ್ದವು. ನಾಲ್ಕನೆಯದು ಒಂದೂವರೆ ಇಂಚಿತ್ತು.

"ಪಾವ್ ಇಂಚು ಹೆಚ್ಚೈತಿ" ಎಂದೆ.

"ಇರಲಿ ಬಿಡ್ರಿ ಅಕ್ಕೋರ, ಯಾರ್ ನೋಡ್ತಾರ?"

"ನಾ ನೋಡ್ತೇನಿ" ಎಂದು ಅವರ ಕೈಗೆ ಗರಗಸ ಕೊಟ್ಟೆ.